ಆರಿದ ಹಾಲಿನ ಲೋಟ

ರಾಜೀವನಗರದ ಮನೆಗಳಲ್ಲಿ ಬೆಳಗಾಗುವುದು ಹಾಲಿನಿಂದಲೇ. ಬೀದಿಯ ದೀಪ ಆರುವ ಮುನ್ನವೇ ನಂದಿನಿಯ ಪೊಟ್ಟಣ ಬಾಗಿಲಿಗೆ ಬರುತ್ತದೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ. ಅಂಥ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಐದು ವರ್ಷದ ಮೊಮ್ಮಗಳಿಗೆಂದು ದಿನವೂ ಒಂದು ಲೋಟ ಹಾಲನ್ನು ಆರಿಸಿಡುತ್ತಿದ್ದರು. ಅದನ್ನು ಕುಡಿದ ಮಗು ಒಂದೆರಡು ಗಂಟೆಗಳಲ್ಲಿ ಹೊಟ್ಟೆ ಹಿಡಿದುಕೊಂಡು ಅಳುತ್ತಿತ್ತು. ಕಡೆಗೆ ಸೊಸೆ ಅಂಗಡಿಯಿಂದ ಬಾದಾಮಿಯ ಪಾನೀಯವನ್ನು ತಂದಳು. ಮಗುವಿನ ಅಳು ನಿಂತಿತು. ಅಜ್ಜಿಯ ಲೋಟವೂ ನಿಂತಿತು. ತಾವು ಅಕ್ಕರೆಯಿಂದ ಕೊಟ್ಟದ್ದೇ ಮಗುವಿಗೆ ಆಗದಾಯಿತೆ ಎಂಬ ಕೊರಗು ಮಾತ್ರ ಅವರ ಮನಸ್ಸಿನಲ್ಲಿ ಉಳಿಯಿತು.

ಆರು ತಿಂಗಳು ಕಳೆದವು. ಕಳೆದ ವರ್ಷದ ಲಂಗ ಮೊಮ್ಮಗಳಿಗೆ ಇನ್ನೂ ಸರಿಯಾಗಿಯೇ ಇರುವುದನ್ನು ಮೊದಲು ಕಂಡವರು ಅಜ್ಜಿಯೇ. ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದರು.

ವೈದ್ಯರು ಕೇಳಿದ ಪ್ರಶ್ನೆ ಒಂದೇ: “ಮೊಸರು ತಿಂದರೆ ನೋವುಂಟೆ?” ಇಲ್ಲವೆಂದಳು ತಾಯಿ. ಹಾಗಾದರೆ ದೋಷ ಹಾಲಿನ ಸಕ್ಕರೆಯದು, ಲ್ಯಾಕ್ಟೋಸಿನದು ಎಂದರು ವೈದ್ಯರು. ನೂರು ಮಿಲಿಲೀಟರ್ ಹಾಲಿನಲ್ಲಿ ಅದು ಸುಮಾರು 5 ಗ್ರಾಮಿನಷ್ಟಿದೆ. ಅದನ್ನು ಅರಗಿಸುವ ಕಿಣ್ವವು ಶೈಶವ ಕಳೆದಂತೆ ಅನೇಕರಲ್ಲಿ ಕುಗ್ಗುತ್ತದೆ. ಹೆಪ್ಪಿನ ಸೂಕ್ಷ್ಮಜೀವಿಗಳಾದರೋ ಆ ಸಕ್ಕರೆಯ ಒಂದು ಪಾಲನ್ನು ತಾವೇ ಹುಳಿಯಾಗಿಸುತ್ತವೆ. ಹಾಲಿನ ಪ್ರೋಟೀನೇ ಒಗ್ಗದವರ ಮಾತು ಬೇರೆ. ಅವರಿಗೆ ಮೊಸರೂ ಸಲ್ಲದು.

ಬಳಿಕ ಡಬ್ಬಿಯ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದರು. ಆಕಳ ಹಾಲಿನ ನೂರು ಮಿಲಿಲೀಟರಿನಲ್ಲಿ ಪ್ರೋಟೀನು 3 ಗ್ರಾಮಿಗೂ ಮಿಗಿಲು, ಸುಣ್ಣದಂಶ ಸುಮಾರು 120 ಮಿಲಿಗ್ರಾಂ. ಬಾದಾಮಿಯ ಪಾನೀಯದಲ್ಲಿ ಬಹುಪಾಲು ನೀರೇ. ಪ್ರೋಟೀನು ಸಾಮಾನ್ಯವಾಗಿ ಒಂದು ಗ್ರಾಮನ್ನೂ ಮುಟ್ಟದು. ಸೋಯಾ ಮಾತ್ರ ಪ್ರೋಟೀನಿನಲ್ಲಿ ಹಾಲಿಗೆ ಸಮೀಪ ನಿಲ್ಲುತ್ತದೆ. ಆದರೆ ಸುಣ್ಣದಂಶವನ್ನೂ ಬಿ12 ಜೀವಸತ್ವವನ್ನೂ ಹೊರಗಿನಿಂದ ಬೆರೆಸಬೇಕು. ಬಿಳಿಯದೆಲ್ಲ ಹಾಲಲ್ಲವೆಂಬುದು ಗಾದೆಯ ಮಾತಷ್ಟೇ ಅಲ್ಲ, ಲೆಕ್ಕದ ಮಾತೂ ಹೌದು.

ಮೈಸೂರಿಗೆ ಈ ಲೆಕ್ಕ ಹೊಸದೇನೂ ಅಲ್ಲ. 1940ರ ದಶಕದಲ್ಲೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿಗಳು ಸೋಯಾ ಹಾಲಿನ ಪೌಷ್ಟಿಕತೆಯನ್ನು ಪರೀಕ್ಷಿಸಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ಸಂಶೋಧನಾಲಯವು ಆರಂಭವಾದಾಗ ಅವರೇ ಅದರ ಮೊದಲ ನಿರ್ದೇಶಕರಾದರು. ಮುಂದೆ, 1970ರ ಸುಮಾರಿಗೆ, ಅಲ್ಲಿ ‘ಮಿಲ್ಟೋನ್’ ರೂಪುಗೊಂಡಿತು. ಕಡಲೆಕಾಯಿಯ ಪ್ರೋಟೀನನ್ನು ಹಾಲಿನೊಡನೆ ಬೆರೆಸಿ, ಜೀವಸತ್ವ ಮತ್ತು ಖನಿಜಗಳನ್ನು ಕೂಡಿಸಿದ ಪಾನೀಯವದು. ಹಾಲು ಸಾಲದ ಕಾಲದಲ್ಲಿ ಇದ್ದ ಹಾಲನ್ನು ಹೆಚ್ಚು ಮಕ್ಕಳಿಗೆ ಮುಟ್ಟಿಸುವುದೇ ಅದರ ಗುರಿ. ಆ ವಿಜ್ಞಾನಿಗಳು ಗಿಡವನ್ನೂ ಹಸುವನ್ನೂ ಎದುರಾಳಿಗಳಾಗಿ ನಿಲ್ಲಿಸಲಿಲ್ಲ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದರು. ಅಂದು ಅಭಾವ ಕಲಿಸಿದ ವಿವೇಕವನ್ನು ಇಂದು ಹಲವು ಪಟ್ಟು ಬೆಲೆ ತೆತ್ತು ಡಬ್ಬಿ ಕೊಳ್ಳುವಾಗ ಮರೆಯುವುದು ನ್ಯಾಯವೆ?

ಮನೆಗೆ ಹಿಂತಿರುಗಿದ ಮೇಲೆ ಸೊಸೆ ಬಹಳ ಹೊತ್ತು ಮಾತನಾಡಲಿಲ್ಲ. ತಪ್ಪು ತನ್ನದೆಂದು ಆಕೆಯೂ ಕೊರಗುತ್ತಿದ್ದಳು. ನೋವನ್ನು ಕಂಡು ಹಾಲು ಬಿಡಿಸಿದ್ದು ತಪ್ಪಲ್ಲ. ಹಾಲು ಕೊಡುತ್ತಿದ್ದುದನ್ನು ಬೇರೆ ಯಾವುದರಿಂದಲೂ ತುಂಬದೆ ಹೋದದ್ದಷ್ಟೇ ಕೊರತೆ. ಅದನ್ನು ತುಂಬುವ ಸಾಮಗ್ರಿ ಅಜ್ಜಿಯ ಅಡಿಗೆಮನೆಯಲ್ಲೇ ಇತ್ತು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ ಸುಮಾರು 350 ಮಿಲಿಗ್ರಾಂ; ಮೊಳಕೆ ಕಟ್ಟಿದರೆ ಅದು ದೇಹಕ್ಕೆ ಇನ್ನಷ್ಟು ದಕ್ಕುತ್ತದೆ.

ಅಂದು ರಾತ್ರಿ ಅಜ್ಜಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದರು. ಸೊಸೆ ರಾಗಿಯನ್ನು ನೆನೆಹಾಕಿದಳು. ಬೆಳಗ್ಗೆ ಮೊಸರನ್ನ ತಿಂದ ಮಗು ಇನ್ನೊಂದು ತುತ್ತು ಕೇಳಿತು. ಅಜ್ಜಿ ಬಟ್ಟಲನ್ನು ಸೊಸೆಯ ಕಡೆಗೆ ಸರಿಸಿ, “ನೀನೇ ತಿನ್ನಿಸು” ಎಂದರು.