ಮಾಂಡವಿ ದಂಡಿ ಮ್ಯಾಲ



ಆಫೀಸಿನ ಗೆಳೆಯರ ಜೊತೆ ಎರಡು ದಿನ ಪಣಜಿಗೆ ಹೋಗಿದ್ದೆ. ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು ರಾತ್ರಿಯಿಡೀ ಝಗಮಗ. ಗೋವಾದವರು ಅಲ್ಲಿ ಜೂಜಾಡದಂತೆ ಅಲ್ಲಿನ ಸರ್ಕಾರ 2020ರಲ್ಲಿ ನಿರ್ಬಂಧ ಹಾಕಿದೆ. ತಮ್ಮವರ ಮನಿ ಹಾಳಾಗಬಾರದು, ಹೊರಗಿನವರ ದುಡ್ಡು ಮಾತ್ರ ಬರಬೇಕು!

ದಂಡೆಯಲ್ಲಿ ಕಸ ಗುಡಿಸುತ್ತಿದ್ದ ಅಕ್ಕ ನಮ್ಮ ಮಾತು ಕೇಳಿ, "ಯಾ ಊರು ಅಣ್ಣಾ?" ಅಂದ್ರು.

"ಸೇಡಂ."

"ನಮ್ದು ಚಿತ್ತಾಪುರ ಕಡಿ. ಮಗಳು ಆರನೇತ್ತಕ್ಕ ಸಾಲಿ ಬಿಟ್ಟಾಳ, ಇಲ್ಲೇ ಕೆಲಸಕ್ಕ ಬರ್ತಾಳ."

ವಾಡಿಯ ಸಿಮೆಂಟು, ಶಹಾಬಾದದ ಕಲ್ಲು ಊರೂರಿಗೆ ಹೋಗ್ತಾವ. ಆ ನೆಲದ ನಮ್ಮ ಮಂದಿಗೆ ಮಾತ್ರ ಗುಳೆ ತಪ್ಪಿಲ್ಲ.

ಜೂಜಿನಾಗ ಸೋತ ದುಡ್ಡು ದುಡಿದು ಗಳಿಸಬಹುದು. ಆ ಹುಡುಗಿಯ ಸಾಲಿ ವರ್ಷಗಳನ್ನ ಯಾರು ತಂದುಕೊಡ್ತಾರ? ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್ ಸೀಟು ಕೊಡಿ. ಕೇಳೋಣ, ಬಿಡದೇ ಕೇಳೋಣ.