ಎರಡು ಹೊಳೆ, ಎರಡು ಹಣ್ಣು

ಭದ್ರಾವತಿಯ ಕಡೆಯಿಂದ ಬರುವವರು ಶಿವಮೊಗ್ಗೆಯನ್ನು ಸೇರುವ ಮುನ್ನ ತುಂಗೆಯ ಸೇತುವೆಯನ್ನು ದಾಟಬೇಕು. ಬೆಳಗಿನ ಜಾವ, ಹೊಳೆಯ ಮೇಲಿನ ಮಂಜು ಇನ್ನೂ ಕರಗದಿರುವ ಹೊತ್ತಿನಲ್ಲಿ, ನಗರ ಮಗ್ಗುಲು ಬದಲಿಸಿ ಮಲಗಿದ್ದರೂ ಸೇತುವೆ ಮಾತ್ರ ಎಚ್ಚತ್ತಿರುತ್ತದೆ. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ತರಕಾರಿಯ ಚೀಲಗಳ ನಡುವೆ ಹಸುರು ಬಾಳೆಗೊನೆಗಳು ಒಣಗಿದ ಎಲೆಗಳ ಹಾಸಿನ ಮೇಲೆ ಒತ್ತೊತ್ತಾಗಿ ಮಲಗಿ, ಸಣ್ಣ ಸರಕುಗಾಡಿಗಳಲ್ಲಿ ಊರೊಳಕ್ಕೆ ಸಾಗುತ್ತವೆ. ಗೊನೆಯ ದಂಟಿನಿಂದ ಸೋನೆ ಇನ್ನೂ ಒಸರುತ್ತಿರುತ್ತದೆ. ನಿನ್ನೆ ಸಂಜೆಯವರೆಗೆ ಅದು ತೋಟದ ಸೊತ್ತು. ಇಂದು ಸೂರ್ಯ ನೆತ್ತಿಗೇರುವುದರೊಳಗೆ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು.

ಎರಡು ಊರುಗಳ ನಡುವಣ ದೂರ ಸುಮಾರು 18 ಕಿಲೋಮೀಟರು. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗೆ ಭದ್ರೆಯರು ಬೇರೆ ಬೇರೆ ದಾರಿ ಹಿಡಿದು, ಒಬ್ಬಳು ಶಿವಮೊಗ್ಗೆಯ ಮಗ್ಗುಲಲ್ಲಿ, ಇನ್ನೊಬ್ಬಳು ಭದ್ರಾವತಿಯ ಮಗ್ಗುಲಲ್ಲಿ ಹರಿದು, ಕೂಡಲಿಯಲ್ಲಿ ಮತ್ತೆ ಒಂದಾಗುತ್ತಾರೆ. ಪ್ರವಾಸಿಗಳಲ್ಲಿ ಹಲವರು ಈ ಊರುಗಳನ್ನು ಜೋಗದ ದಾರಿಯ ತಂಗುದಾಣಗಳೆಂದೇ ಎಣಿಸುತ್ತಾರೆ. ಬಿಡುವಿದ್ದವರು ಶಿವಪ್ಪನಾಯಕನ ಅರಮನೆಯನ್ನು ನೋಡುತ್ತಾರೆ. ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಒಂದು ಸುತ್ತು ಬರುತ್ತಾರೆ. ಅರಮನೆ ಗುಡಿಗಳು ಊರಿನ ನಿನ್ನೆಯನ್ನು ಹೇಳಬಲ್ಲವು. ಊರಿನ ಇಂದನ್ನು ತಿಳಿಯಬೇಕೆನ್ನುವವನು ಹಣ್ಣಿನ ಅಂಗಡಿಯ ಮುಂದೆ ಅರ್ಧ ಗಳಿಗೆ ನಿಲ್ಲಬೇಕು.

ಅಡಿಕೆಯ ದಾದಿ

ಈ ಸೀಮೆಯಲ್ಲಿ ಬಾಳೆಯನ್ನು ಬಾಳೆಗೋಸ್ಕರವೇ ಬೆಳೆಯುವವರಿಗಿಂತ ಅಡಿಕೆಗೋಸ್ಕರ ಬೆಳೆಯುವವರು ಹೆಚ್ಚು ಕಾಣಸಿಗುತ್ತಾರೆ. ಅಡಿಕೆಯ ಎಳೆಯ ಸಸಿಗೆ ಮಧ್ಯಾಹ್ನದ ಇಳಿಬಿಸಿಲು ಶತ್ರು. ಪಡುವಣದಿಂದ ಬೀಳುವ ಆ ಬಿಸಿಲಿಗೆ ಕಾಂಡ ಸುಟ್ಟರೆ ಮರ ಜನ್ಮಪೂರ್ತಿ ಸೊರಗುತ್ತದೆ. ಆದುದರಿಂದ ಸಸಿಗಳ ನಡುವೆ ಬಾಳೆಯ ಕಂದನ್ನು ನೆಟ್ಟು ನೆರಳು ಮಾಡುತ್ತಾರೆ. ಅಡಿಕೆ ಫಲ ಕೊಡಲು ಐದಾರು ವರ್ಷಗಳು ಬೇಕು. ಬಾಳೆಯಾದರೋ ವರ್ಷದೊಳಗೇ ಗೊನೆ ಹಾಕುತ್ತದೆ. ಆ ಐದಾರು ವರ್ಷ ತೋಟದ ಮನೆಯ ಉಪ್ಪು ಮೆಣಸಿಗೆ, ಮಕ್ಕಳ ಶಾಲೆಯ ಖರ್ಚಿಗೆ, ಸೊಸೈಟಿಯ ಸಾಲದ ಕಂತಿಗೆ ಬಾಳೆಯೇ ಆಧಾರ. ಸಾಕಿ ಬೆಳೆಸಿದ ಮೇಲೆ ದಾದಿಗೆ ಆ ಮನೆಯಲ್ಲಿ ಸ್ಥಳವಿಲ್ಲ. ಅಡಿಕೆಯ ಸೋಗೆಗಳು ಮೇಲೆ ಕೂಡಿಕೊಂಡು ನೆಲಕ್ಕೆ ಬಿಸಿಲು ಬೀಳದಂತಾದೊಡನೆ ಬಾಳೆ ಕೃಶವಾಗುತ್ತದೆ, ಕ್ರಮೇಣ ತೋಟದಿಂದ ಮರೆಯಾಗುತ್ತದೆ.

ಪೇಟೆಯ ಧಾರಣೆಯ ಗುಟ್ಟುಗಳಲ್ಲಿ ಒಂದು ಇಲ್ಲಿದೆ. ಲಕ್ಕವಳ್ಳಿಯ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡ ಬಳಿಕ ಭದ್ರೆಯ ನಾಲೆಗಳು ಭತ್ತಕ್ಕೂ ಕಬ್ಬಿಗೂ ನೀರುಣಿಸಿದವು. ಈಚಿನ ದಶಕಗಳಲ್ಲಿ ಆ ಗದ್ದೆಗಳಲ್ಲಿ ಎಷ್ಟೋ ಅಡಿಕೆಯ ತೋಟಗಳಾಗಿವೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಎಲ್ಲರೂ ಹೊಸ ತೋಟ ಹಾಕುತ್ತಾರೆ. ಎಲ್ಲರೂ ತೋಟ ಹಾಕಿದರೆಂದರೆ ಎಲ್ಲರೂ ಬಾಳೆ ನೆಟ್ಟರೆಂದೇ ಅರ್ಥ. ಮರುವರ್ಷ ಗೊನೆಗಳು ಒಂದೇ ಸಲಕ್ಕೆ ಮಂಡಿಗೆ ನುಗ್ಗುತ್ತವೆ. ಅಡಿಕೆಯ ಸಿರಿ ಬಾಳೆಯ ಬಡತನವಾಗುವುದು ಹೀಗೆ.

ಹಬ್ಬದ ಬೆಲೆ, ಆಷಾಢದ ಬೆಲೆ

ಅಂಗಡಿಯ ಹಗ್ಗಕ್ಕೆ ತೂಗಿದ ಗೊನೆಗಳಲ್ಲಿ ರಾಜಮರ್ಯಾದೆ ಪುಟ್ಟಬಾಳೆಗೆ. ಬೆಂಗಳೂರಿನವರು ಏಲಕ್ಕಿಬಾಳೆ ಎನ್ನುವುದು ಇದನ್ನೇ. ಸಿಪ್ಪೆ ತೆಳು, ತಿರುಳು ಬಿಗಿ, ಸಿಹಿಯೊಡನೆ ಒಂದಿಷ್ಟು ಹುಳಿಯ ನೆನಪು. ದೇವರ ತಟ್ಟೆಗೆ, ತಾಂಬೂಲಕ್ಕೆ, ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯ ಮಡಿಲಿಗೆ ಇದೇ ಬೇಕು. ಪಚ್ಚಬಾಳೆ ಗಾತ್ರದಲ್ಲಿ ದೊಡ್ಡದು, ಬೆಲೆಯಲ್ಲಿ ಸಾಧು. ಶಾಲೆಗೆ ಹೊರಟ ಮಕ್ಕಳ ಚೀಲಕ್ಕೂ ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ತಲೆದಿಂಬಿನ ಬಳಿಗೂ ಹೋಗುವುದು ಅದು.

ಬಾಳೆ ವರ್ಷಪೂರ್ತಿ ಸಿಕ್ಕುವ ಹಣ್ಣು ಎಂಬುದು ನಿಜ. ವರ್ಷಪೂರ್ತಿ ಒಂದೇ ಬೆಲೆಗೆ ಸಿಕ್ಕುವುದೆಂದು ಯಾವ ಗೃಹಿಣಿಯೂ ಹೇಳಲಾರಳು. ಚೈತ್ರ ವೈಶಾಖಗಳ ಸೆಕೆಗೆ ಹಣ್ಣು ಬೇಗ ಮಾಗುತ್ತದೆ, ಜೊತೆಗೆ ಮಾವು ಪೇಟೆಗೆ ಬಂದು ಕೊಳ್ಳುವವರ ಮನಸ್ಸನ್ನು ಕದಿಯುತ್ತದೆ. ಮದುವೆ ಮುಂಜಿಗಳ ಬೇಡಿಕೆಯೊಂದೇ ಆಗ ಬಾಳೆಯ ಮಾನ ಕಾಯುವುದು. ಆಷಾಢ ಬಂದಿತೆಂದರೆ ಅದೂ ಇಲ್ಲ. ಶ್ರಾವಣ ಕಾಲಿಟ್ಟೊಡನೆ ಚಿತ್ರವೇ ಬೇರೆ. ವರಮಹಾಲಕ್ಷ್ಮಿಯಿಂದ ಗೌರಿ ಗಣೇಶ, ನವರಾತ್ರಿ, ದೀಪಾವಳಿಯವರೆಗೆ ಬೆಲೆ ಮೆಟ್ಟಿಲೇರುತ್ತ ಹೋಗುತ್ತದೆ. ಪುಟ್ಟಬಾಳೆ ಕಿಲೋಗೆ ನೂರು ರೂಪಾಯಿಯನ್ನು ದಾಟುವುದೂ ಉಂಟು. ರಂಜಾನಿನ ತಿಂಗಳಲ್ಲಿ ಸಂಜೆಯ ವ್ಯಾಪಾರಕ್ಕೆ ಬೇರೊಂದು ಕಳೆ. ಆಯುಧಪೂಜೆಯ ಮುನ್ನಾದಿನ ಹಣ್ಣಷ್ಟೇ ಸಾಲದು. ಬಾಗಿಲಿಗೆ ಕಟ್ಟಲು ಬಾಳೆಕಂದಿನ ಜೋಡಿಯೂ ಬೇಕು.

ಹಬ್ಬದ ಬೆಲೆ ಏರಿದಾಗ ಬೆಳೆಗಾರನ ಮನೆಯಲ್ಲಿ ದೀಪಾವಳಿಯಾಗುವುದೆಂದು ಪಟ್ಟಣದವರು ಭಾವಿಸುವುದು ಸಹಜ. ಆದರೆ ಬಾಳೆ ಪಂಚಾಂಗ ನೋಡಿ ಬಲಿಯುವುದಿಲ್ಲ. ಗಿಡಕ್ಕೆ ಜನ್ಮದಲ್ಲಿ ಒಂದೇ ಗೊನೆ. ಚಳಿಗಾಲದಲ್ಲಿ ಅದರ ಕಾಯಿ ನಿಧಾನವಾಗಿ ತುಂಬುತ್ತದೆ, ಬೇಸಗೆಯಲ್ಲಿ ಅವಸರಪಡುತ್ತದೆ. ಗಣೇಶನಿಗೆಂದು ಲೆಕ್ಕ ಹಾಕಿ ನೆಟ್ಟ ಗಿಡ ಹದಿನೈದು ದಿನ ತಡವಾದರೆ ಪಿತೃಪಕ್ಷದ ಬೆಲೆಗೆ ಮಾರಬೇಕಾಗುತ್ತದೆ. ಮುಂಗಾರಿಗೆ ಮುನ್ನ ಬೀಸುವ ಒಂದು ಸಂಜೆಯ ಬಿರುಗಾಳಿ, ಗೊನೆ ಹೊತ್ತು ತೂಗುತ್ತಿರುವ ಗಿಡಗಳನ್ನು ಸಾಲಾಗಿ ಮಲಗಿಸಿಬಿಡುತ್ತದೆ. ನೆಲದೊಳಗೆ ಅಡಗಿರುವ ಪನಾಮ ಸೊರಗುರೋಗವು ಪುಟ್ಟಬಾಳೆಯನ್ನು ಬಿಡುವುದಿಲ್ಲ. ನಂಜನಗೂಡಿನ ರಸಬಾಳೆಯನ್ನು ಅಪರೂಪದ ವಸ್ತುವಾಗಿಸಿದ್ದು ಇದೇ ರೋಗ. ಒಮ್ಮೆ ಮಣ್ಣಿಗೆ ತಗುಲಿದರೆ ಅದು ದಶಕಗಳ ಕಾಲ ಅಲ್ಲಿಯೇ ಬೀಡುಬಿಟ್ಟಿರುತ್ತದೆ.

ಹಳದಿಯೆಲ್ಲ ಹಣ್ಣಲ್ಲ

ಮಂಡಿಗೆ ಬರುವುದು ಬಲಿತ ಕಾಯಿ. ಹಣ್ಣಾಗುವುದು ಆ ಬಳಿಕ. ಹಿಂದಿನವರು ಗೊನೆಗಳನ್ನು ಮುಚ್ಚಿದ ಕೋಣೆಯಲ್ಲಿಯೋ ಹಗೇವಿನಲ್ಲಿಯೋ ಇರಿಸಿ, ಹುಲ್ಲು ಹೊದಿಸಿ, ಹೊಗೆ ಹಾಕುತ್ತಿದ್ದರು. ಹೊಗೆಯಲ್ಲಿರುವ ಎಥಿಲೀನ್ ಎಂಬ ಅನಿಲವೇ ಕಾಯನ್ನು ಮಾಗಿಸುತ್ತಿತ್ತು. ಮಾಗುವ ಹಣ್ಣು ತಾನಾಗಿ ಸೂಸುವುದೂ ಅದೇ ಅನಿಲವನ್ನು. ಇಂದಿನ ತಂಪುಕೋಣೆಗಳಲ್ಲಿ ಹೊಗೆಯಿಲ್ಲದೆ, ಅಳತೆಯಲ್ಲಿ, ಆ ಎಥಿಲೀನನ್ನೇ ಬಿಡುತ್ತಾರೆ. ಇದಕ್ಕೆ ಕಾನೂನಿನ ಒಪ್ಪಿಗೆಯಿದೆ. ಕಾರ್ಬೈಡಿನ ಪುಡಿಯದು ಬೇರೆ ಕಥೆ. ಅದರಿಂದ ಏಳುವ ಅನಿಲ ಸಿಪ್ಪೆಗೆ ಬಣ್ಣ ಬರಿಸುತ್ತದೆ. ಪುಡಿಯಲ್ಲಿ ಆರ್ಸೆನಿಕ್, ರಂಜಕಗಳ ಅಂಶವೂ ಬೆರೆತಿರಬಹುದು. 2011ರ ಆಹಾರ ಸುರಕ್ಷತಾ ನಿಯಮಗಳು ಅದನ್ನು ಸ್ಪಷ್ಟವಾಗಿ ನಿಷೇಧಿಸಿವೆ.

ಕೊಳ್ಳುವವರು ಬಣ್ಣಕ್ಕೆ ಮರುಳಾಗದಿರುವುದು ಲೇಸು. ಪಚ್ಚಬಾಳೆ ತಂಪುಕೋಣೆಯಲ್ಲಿ ನಿಯಮಬದ್ಧವಾಗಿ ಮಾಗಿದರೂ ಒಂದೇ ಸಮನೆ ಹಳದಿಯಾಗುತ್ತದೆ. ಬಣ್ಣ ಸಮನಾಗಿದೆಯೆಂದು ಅಂಗಡಿಯವನ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ. ಪರಿಮಳವಿದೆಯೇ, ತಿರುಳು ಮಿದುವಾಗಿದೆಯೇ, ಕಾಯಿಯ ಏಣುಗಳು ದುಂಡಗಾಗಿವೆಯೇ ಎಂಬುದನ್ನು ನೋಡಬೇಕು. ಏಣು ಚೂಪಾಗಿರುವ ಹಣ್ಣು ಬಲಿಯುವ ಮೊದಲೇ ಕಡಿದದ್ದು. ಬೆಲೆ ಏರಿದ ವಾರದಲ್ಲಿ ಇಂಥದ್ದೇ ಹೆಚ್ಚು. ಹಬ್ಬದಲ್ಲಿ ಅತಿ ಹೆಚ್ಚು ಬೆಲೆ ತೆತ್ತವನಿಗೆ ಅತಿ ಕಡಮೆ ರುಚಿಯ ಹಣ್ಣು ದೊರೆಯುವ ವಿಪರ್ಯಾಸಕ್ಕೆ ಕಾರಣವಿದು. ತಂದ ಹಣ್ಣನ್ನು ಶೀತಪೆಟ್ಟಿಗೆಯಲ್ಲಿ ಇಡುವುದೂ ಬೇಡ. 13 ಡಿಗ್ರಿಗಿಂತ ಕೆಳಗಿನ ತಂಪಿಗೆ ಬಾಳೆಯ ಸಿಪ್ಪೆ ಕಪ್ಪಿಡುತ್ತದೆ.

ಕುಲುಮೆಯ ಊರಿನಲ್ಲಿ

ಶಿವಮೊಗ್ಗೆಯ ಗಾಂಧಿಬಜಾರಿನ ಗದ್ದಲದಿಂದ ಭದ್ರಾವತಿಯ ಬಿ.ಎಚ್. ರಸ್ತೆಗೆ ಬಂದವನಿಗೆ ಅದೇ ಹಣ್ಣು ಬೇರೊಂದು ಮಾತನ್ನಾಡುತ್ತದೆ. ಬೆಂಕಿಪುರವೆಂಬ ಹೆಸರಿದ್ದ ಊರಿಗೆ ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಕಬ್ಬಿಣದ ಕಾರ್ಖಾನೆ ಬಂದಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. 1936ರಲ್ಲಿ ಕಾಗದದ ಕಾರ್ಖಾನೆಯ ಸಂಸ್ಥೆ ಹುಟ್ಟಿತು. ಕಾರ್ಖಾನೆಯ ಸೈರನ್ನಿಗೆ ಊರು ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗುತ್ತಿದ್ದ ಕಾಲವದು. ಸಂಬಳದ ದಿನ ಸಂಜೆ ಸೈಕಲ್ಲಿನ ಹಿಡಿಕೆಗೆ ಒಂದು ಚಿಪ್ಪು ಬಾಳೆಹಣ್ಣು ತೂಗದೆ ಮನೆ ಸೇರಿದ ಕಾರ್ಮಿಕ ಅಪರೂಪ. ಬಾಗಿಲಲ್ಲಿ ಕಾದ ಮಕ್ಕಳಿಗೆ ತಿಂಗಳು ಮುಗಿದುದರ ಗುರುತು ಅದು.

ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ ಊರೇ ಬೀದಿಗಿಳಿಯಿತು. ಅದೇ ವರ್ಷ ಕೆಲಸದ ಒಂದು ಭಾಗ ಮತ್ತೆ ಆರಂಭವಾಯಿತು. ದೊಡ್ಡ ಕಾರ್ಖಾನೆಯ ಏಳುಬೀಳುಗಳನ್ನು ಪತ್ರಿಕೆಗಳು ಬರೆಯುತ್ತವೆ. ಚಿಪ್ಪು ಕೊಳ್ಳುತ್ತಿದ್ದ ಮನೆ ಅರ್ಧ ಚಿಪ್ಪಿಗೆ, ಪುಟ್ಟಬಾಳೆ ಕೊಳ್ಳುತ್ತಿದ್ದ ಮನೆ ಪಚ್ಚಬಾಳೆಗೆ ಇಳಿಯುವುದನ್ನು ಬರೆದಿಡುವವರಿಲ್ಲ. ಅದು ತಳ್ಳುಗಾಡಿಯವನಿಗೆ ಮಾತ್ರ ಗೊತ್ತು. ಮುಖದಾಕ್ಷಿಣ್ಯವುಳ್ಳ ವ್ಯಾಪಾರಿ ಹಳೆಯ ಗಿರಾಕಿಗೆ, "ಅಮ್ಮಾ, ಇವತ್ತು ಪಚ್ಚಬಾಳೆನೇ ಚೆನ್ನಾಗಿದೆ, ಅದನ್ನೇ ತಗೊಂಡು ಹೋಗಿ" ಎಂದು ತಾನಾಗಿ ಹೇಳಿದರೆ ಅದರಲ್ಲಿ ವ್ಯಾಪಾರಕ್ಕಿಂತ ಸೌಜನ್ಯವೇ ಅಧಿಕ.

ಬೆಣ್ಣೆಹಣ್ಣಿನ ಬಿಗುಮಾನ

ಈ ನಡುವೆ ಹಣ್ಣಿನ ಅಂಗಡಿಯ ಮುಂಸಾಲಿಗೆ ಹೊಸ ಅತಿಥಿಯೊಬ್ಬ ಬಂದು ಕುಳಿತಿದ್ದಾನೆ. ಹಸುರು ಅಂಗಿ, ದುಂಡು ಹೊಟ್ಟೆ, ಯಾರೊಡನೆಯೂ ಬೆರೆಯದ ಬಿಗುಮಾನ. ಬಟರ್ ಫ್ರೂಟ್ ಎಂದೇ ಎಲ್ಲರೂ ಕರೆಯುವ ಬೆಣ್ಣೆಹಣ್ಣು ಇದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಇದರ ತವರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣ ಭಾರತಕ್ಕೆ ಬಂದು, ಕೊಡಗು ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿನ ಮರವಾಗಿ ನೆಲೆಗೊಂಡಿತು. ಎಷ್ಟೋ ಕಾಲ ಅದನ್ನು ಕೇಳುವವರಿರಲಿಲ್ಲ. ಹಣ್ಣಿನ ರಸದ ಅಂಗಡಿಗಳು ಹಾಲು ಸಕ್ಕರೆಯೊಡನೆ ಅರೆದು ಲೋಟಕ್ಕೆ ಸುರಿಯತೊಡಗಿದ ಮೇಲೆ, ವೈದ್ಯರು ಅದರ ಎಣ್ಣೆಯ ಅಂಶವನ್ನು ಹೊಗಳತೊಡಗಿದ ಮೇಲೆ, ಅದರ ಗ್ರಹಗತಿ ತಿರುಗಿತು.

ಮಳೆಗಾಲವೇ ಇದರ ಸುಗ್ಗಿ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ಕಡೆಯ ಹಣ್ಣು ಪೇಟೆಗೆ ಬರುತ್ತದೆ, ಬೆಲೆಯೂ ಕೈಗೆ ಎಟುಕುತ್ತದೆ. ಆ ಬಳಿಕ ದೊಡ್ಡ ನಗರಗಳಲ್ಲಿ ಕಾಣುವುದು ತಾಂಜಾನಿಯಾ, ಕೀನ್ಯಾಗಳಿಂದ ಕಡಲು ದಾಟಿ ಬಂದ, ಒರಟು ಸಿಪ್ಪೆಯ ಹ್ಯಾಸ್ ತಳಿ. ಅದರ ಬೆಲೆ ಪ್ರಯಾಣದ ದೂರಕ್ಕೆ ತಕ್ಕಂತೆ. ನಮ್ಮ ತೋಟಗಳ ಹಳೆಯ ಮರಗಳೆಲ್ಲ ಬೀಜದಿಂದ ಹುಟ್ಟಿದವು. ಒಂದೊಂದು ಮರದ ಹಣ್ಣಿಗೆ ಒಂದೊಂದು ಗುಣ. ಒಂದೇ ಬುಟ್ಟಿಯಲ್ಲಿ ಒಂದು ಬೆಣ್ಣೆಯಂತೆ, ಇನ್ನೊಂದು ನೀರುನೀರು, ಮತ್ತೊಂದು ನಾರು. ಇದನ್ನು ಸರಿಪಡಿಸಲೆಂದೇ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಎಂಬ ತಳಿಗಳನ್ನು ಆರಿಸಿ ಕೊಟ್ಟಿದೆ. ಕಸಿ ಗಿಡದಲ್ಲಿ ತಾಯಿಮರದ ಗುಣ ತಪ್ಪುವುದಿಲ್ಲ.

ಬೆಲೆಯ ಸುದ್ದಿ ಕೇಳಿ ಬಯಲಿನ ರೈತರೂ ಸಸಿ ಹುಡುಕುತ್ತಿದ್ದಾರೆ. ಇಲ್ಲಿ ಒಂದು ಎಚ್ಚರ ಅಗತ್ಯ. ಬೆಣ್ಣೆಹಣ್ಣಿನ ಬೇರಿಗೆ ನಿಂತ ನೀರು ವಿಷಪ್ರಾಯ. ಬುಡ ಬಸಿಯದಿದ್ದರೆ ಬೇರು ಕೊಳೆತು ಮರ ಒಣಗುತ್ತದೆ. ಇಳಿಜಾರಿನ ಕೆಮ್ಮಣ್ಣಿನಲ್ಲಿ ನಗುವ ಗಿಡ ನಾಲೆಯ ಕೆಳಗಿನ ಗದ್ದೆಯಲ್ಲಿ ಅಳುತ್ತದೆ. ಭದ್ರೆಯ ನೀರು ಅಡಿಕೆ ಬಾಳೆಗಳಿಗೆ ಒಗ್ಗಿತೆಂದು ಇದಕ್ಕೂ ಒಗ್ಗೀತೆಂದು ನಂಬಿ ಸಾಲ ಮಾಡಿದವನು ಗಿಡದೊಡನೆ ಹಲವು ವರ್ಷಗಳನ್ನೂ ಕಳೆದುಕೊಳ್ಳುತ್ತಾನೆ. ಒಂದು ವರ್ಷದಲ್ಲಿ ತಪ್ಪನ್ನು ಮನ್ನಿಸಿ ಮತ್ತೊಂದು ಅವಕಾಶ ಕೊಡುವ ಔದಾರ್ಯ ಬಾಳೆಗಿದೆ, ಮರಕ್ಕಿಲ್ಲ.

ಕಾಗದದ ಪೊಟ್ಟಣ

ಬೆಣ್ಣೆಹಣ್ಣು ಮರದ ಮೇಲೆ ಎಷ್ಟು ಬಲಿತರೂ ಮೆತ್ತಗಾಗುವುದಿಲ್ಲ. ಕೊಯ್ದ ಮೇಲೆಯೇ ಅದರ ಹೃದಯ ಕರಗುವುದು. ಆದುದರಿಂದ ಅಂಗಡಿಯಿಂದ ತಂದ ಕಲ್ಲಿನಂಥ ಕಾಯನ್ನು ಕೊಯ್ದು ನೋಡಿ, ಕಹಿಯೆಂದು ಬಿಸಾಡಿ, ಅಂಗಡಿಯವನನ್ನು ಬಯ್ದವರು ಉಭಯ ನಗರಗಳಲ್ಲಿಯೂ ಇದ್ದಾರೆ. ಉಪಾಯ ಸುಲಭ. ಹಳೆಯ ವೃತ್ತಪತ್ರಿಕೆಯ ಹಾಳೆಯಲ್ಲಿ ಅದನ್ನು ಸುತ್ತಿ, ಜೊತೆಗೆ ಮಾಗಿದ ಬಾಳೆಹಣ್ಣೊಂದನ್ನು ಇಟ್ಟರೆ ಸಾಕು. ಬಾಳೆ ಸೂಸುವ ಅನಿಲಕ್ಕೆ ಆ ಬಿಗುಮಾನದ ಅತಿಥಿ ಕೆಲವು ದಿನಗಳಲ್ಲಿಯೇ ಬೆಣ್ಣೆಯಾಗುತ್ತಾನೆ. ತೊಟ್ಟಿನ ಬಳಿ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಾಗ ತುಸು ತಗ್ಗಿದರೆ ತಿನ್ನುವ ಹೊತ್ತಾಯಿತೆಂದು ತಿಳಿಯಬೇಕು.

ಹಾಗೆ ಸುತ್ತುವ ಪತ್ರಿಕೆಯ ಕಾಗದವನ್ನೂ ಒಂದು ಕಾಲಕ್ಕೆ ಭದ್ರಾವತಿಯೇ ತಯಾರಿಸುತ್ತಿತ್ತು. ಆ ಯಂತ್ರಗಳ ಸದ್ದಡಗಿದ ಊರಿನಲ್ಲಿ, ಸಂಜೆಯ ಪಾಳಿಯ ನೆನಪನ್ನೇ ಹೊತ್ತು ನಿವೃತ್ತನಾದ ಯಜಮಾನನೊಬ್ಬ ಮೊಮ್ಮಗಳ ಬಯಕೆಗೆಂದು ಒಂದೇ ಒಂದು ಬೆಣ್ಣೆಹಣ್ಣನ್ನು ಕೊಂಡು, ಎಂದಿನಂತೆ ಅರ್ಧ ಚಿಪ್ಪು ಬಾಳೆಯೊಡನೆ ಕಾಗದದಲ್ಲಿ ಸುತ್ತಿಸಿಕೊಂಡು ಹೊರಡುತ್ತಾನೆ. ತುಂಗೆಯ ಸೇತುವೆಯ ಮೇಲೆ ಬೆಳಗ್ಗೆ ಸಾಗಿದ ಗೊನೆಯ ಒಂದು ಪಾಲು ಸಂಜೆಗೆ ಭದ್ರೆಯ ಸೇತುವೆಯನ್ನು ದಾಟುತ್ತದೆ. ಆ ಪೊಟ್ಟಣದ ಬೆಲೆಯಲ್ಲಿ ತೋಟದವನ ಪಾಲು ಎಷ್ಟು, ಮಂಡಿಯ ಪಾಲು ಎಷ್ಟು ಎಂದು ಅವನು ಕೇಳುವುದಿಲ್ಲ. ಹಣ್ಣು ಚೆನ್ನಾಗಿರಲಿ, ಮಗು ತಿನ್ನಲಿ ಎಂದಷ್ಟೇ ಅವನ ಆಸೆ. ಬಲಿಯುವವರೆಗೆ ಕಾದು ಕಡಿದ ಬೆಳೆಗಾರನ ಆಸೆಯೂ ಅದಕ್ಕಿಂತ ಹೆಚ್ಚಿನದಲ್ಲ.