ಮಣೂಕದ ಭರಣಿ

ನಮ್ಮ ಜಿಲ್ಲೆಯಲ್ಲಿ ದ್ರಾಕ್ಷಿಗೆ ಎರಡೇ ದಾರಿ. ಹಣ್ಣಾಗಿ ಪೇಟೆಗೆ ಹೋಗಬೇಕು, ಇಲ್ಲವೇ ಶೆಡ್ಡಿನಲ್ಲಿ ಒಣಗಿ ಮಣೂಕವಾಗಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬೀಗರ ಮನೆಗಳಿಗೆಲ್ಲ ತಿರುಗಾಡಿ ಬೆಳೆದ ನಾನು ಮನೆಯಲ್ಲಿ ವೈನ್ ಮಾಡುವವರನ್ನು ಕಂಡಿರಲಿಲ್ಲ. ಕಂಡದ್ದು ಹಾಸ್ಟೆಲ್ ಗೆಳತಿಯ ಮಂಗಳೂರಿನ ಮನೆಯಲ್ಲಿ, ಕ್ರಿಸ್‌ಮಸ್‌ಗೆ ತಿಂಗಳು ಮುಂಚೆ. ನಾನು ಒಯ್ದದ್ದು ಎರಡು ಕಿಲೋ ನಮ್ಮೂರ ಮಣೂಕ.

ಗೆಳತಿಯ ತಾಯಿ ಮೊದಲು ಅದನ್ನು ಮೂಗಿಗೆ ಹಿಡಿದರು. "ಗಂಧಕದ ಹೊಗೆ ಹಾಕಿದ್ದುಂಟಾ ಇದಕ್ಕೆ?" ಹೊಂಬಣ್ಣ ಉಳಿಯಲೆಂದು ಕೆಲವರು ಆ ಹೊಗೆ ಕೊಡುತ್ತಾರೆ, ಅದು ಯೀಸ್ಟನ್ನು ಏಳಗೊಡುವುದಿಲ್ಲ. ನಮ್ಮದು ಹೊಗೆ ಕಾಣದ ಕಂದು ಮಣೂಕ. ಆದರೂ ಬೇಗ ಒಣಗಲೆಂದು ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಕಲೆಸಿದ ನೀರಿನಲ್ಲಿ ಅದ್ದಿದ್ದರಿಂದ ಬಿಸಿನೀರಲ್ಲಿ ಎರಡು ಸಲ ತೊಳೆದೆವು. ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಸುಮಾರು ಒಂದು ಕಿಲೋ ಮಣೂಕ. ಕಿಲೋಗೆ ಮೂರು ಲೀಟರ್ ನೀರು ಹಾಕುವುದೆಂದರೆ ಹಣ್ಣು ಕಳೆದುಕೊಂಡದ್ದನ್ನು ಮರಳಿ ಕೊಡುವುದು, ಅಷ್ಟೇ. ಹೆಚ್ಚಿ, ಕುದಿಸಿ ಆರಿಸಿದ ನೀರಿಗೆ ಹಾಕಿ, ಯೀಸ್ಟ್ ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದೆವು. ಬಿಗಿ ಮುಚ್ಚಳ ಕೂಡದು. ಸಕ್ಕರೆಯ ಅರ್ಧದಷ್ಟು ಆಲ್ಕೊಹಾಲ್ ಆದರೆ ಉಳಿದದ್ದು ಇಂಗಾಲದ ಡೈಆಕ್ಸೈಡ್. ದಾರಿ ಸಿಗದಿದ್ದರೆ ಪಾತ್ರೆಯನ್ನೇ ಒಡೆಯುತ್ತದೆ. ಹಿಡಿ ಗೋಧಿ ಹಾಕಬೇಕೋ ಬೇಡವೋ ಎಂಬ ಜಗಳ ಆ ಮನೆಯಲ್ಲೇ ಇತ್ಯರ್ಥವಾಗಿರಲಿಲ್ಲ. ಮೂರನೆಯ ದಿನ ಕಿವಿಯಿಟ್ಟರೆ ಭರಣಿಯೊಳಗೆ ಗುಸುಗುಸು. ಇಪ್ಪತ್ತೊಂದನೆಯ ದಿನ ಸೋಸಿದರಂತೆ. ಒಗರು ಇಳಿಯಲು ಇನ್ನೂ ಕೆಲವು ತಿಂಗಳು ಬೇಕು ಎಂದು ಗೆಳತಿ ಫೋನಿನಲ್ಲಿ ಹೇಳಿದಳು.

ಊರಿಗೆ ಬಂದವಳೇ ಆಯಿಯ ಹತ್ತಿರ ನಿಂಬೆಕಾಯಿ ಉಪ್ಪಿನಕಾಯಿಯ ಖಾಲಿ ಭರಣಿ ಕೇಳಿದೆ. ಅಂಬಲಿ ಹುಳಿ ಬರಿಸುವುದರಲ್ಲಿ ಅವಳ ಕೈ ದೊಡ್ಡದು, ಅದೇ ನನಗೆ ಧೈರ್ಯ.

"ಮಣೂಕದ್ದ ಸೆರೆ ಮಾಡಾಕಿ ಏನ ನೀ?"

ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ ಎನ್ನುತ್ತದೆ 1965ರ ಕರ್ನಾಟಕ ಅಬಕಾರಿ ಕಾಯ್ದೆ. ನನ್ನನ್ನು ತಡೆದದ್ದು ಆ ಕಾಯ್ದೆಯಲ್ಲ. ಅಜ್ಜ ಸಾರಾಯಿ ಅಂಗಡಿಗೆ ಎರಡು ಎಕರೆ ಕಳೆದವನು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತದ್ದನ್ನು ಆಯಿ ಹಬ್ಬದ ತಿಥಿಯಂತೆ ನೆನಪಿಟ್ಟಿದ್ದಾಳೆ. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತ್ತು ಅಂದರೆ ಅವಳು ನಂಬಲಿಲ್ಲ. ಒಂದನ್ನು ಬಡವರು ಕುಡಿಯುತ್ತಿದ್ದರು, ಇನ್ನೊಂದನ್ನು ಉಳ್ಳವರು ಕುಡಿಯುತ್ತಾರೆ ಎಂಬ ನನ್ನ ವಿವರಣೆ ಅವಳ ಮುಂದೆ ತೀರ ತೆಳುವಾಗಿ ಕೇಳಿಸಿತು.

ನನ್ನ ಸಂಶೋಧನೆ ವಚನಕಾರರ ಕಾಯಕಗಳ ಮೇಲೆ. ಹೆಂಡದ ಮಾರಯ್ಯನನ್ನು ಎಳೆತಂದೆ: ನಮ್ಮ ಬಾಗೇವಾಡಿ ಬಸವಣ್ಣನ ಕಾಲದಲ್ಲಿ ಹೆಂಡ ಮಾರುವವನೂ ಶರಣನಾಗಿದ್ದ, ವಚನ ಕಟ್ಟಿದ್ದ, ಆಯಿ.

"ಅಂವಾ ಶರಣ ಆದಾ, ಖರೆ. ಅಂವನ ಕಡೆ ಕುಡದವ್ರ ಹೆಂಡ್ರು ಏನಾದ್ರು?"

ಮಾರಯ್ಯನ ಕುರಿತು ನನ್ನಲ್ಲಿ ನಲವತ್ತು ಪುಟ ಟಿಪ್ಪಣಿಗಳಿವೆ. ಆ ಹೆಂಗಸರನ್ನು ಈಗ ಹುಡುಕುತ್ತಿದ್ದೇನೆ. ಭರಣಿಗೆ ಆಯಿ ಮತ್ತೆ ನಿಂಬೆಕಾಯಿ ತುಂಬಿದ್ದಾಳೆ.